‘ಈ ಸಲ ಬರ್ತ್‌ಡೇ ಬೇಡ’ ಅಂದ ಹುಡುಗಿ

ಹೆಸರು, ಮನೆಯ ವಿವರ ಎಲ್ಲವನ್ನೂ ಗುರುತು ಸಿಗದ ಹಾಗೆ ಬದಲಿಸಿದ್ದೇನೆ. ಅಪ್ಪ ಅಮ್ಮ ಒಪ್ಪಿದ್ದಾರೆ. ಹುಡುಗಿಯನ್ನೂ ಕೇಳಿದ್ದೇನೆ, ಅವಳೂ ಹ್ಞೂಂ ಅಂದ ಮೇಲೆಯೇ ಬರೆಯುತ್ತಿರುವುದು.

ಸಿರಿ ಅಂತ ಕರೆಯೋಣ. ನಾಲ್ಕನೇ ಕ್ಲಾಸು, ಒಂಬತ್ತು ತುಂಬುವುದರಲ್ಲಿತ್ತು. ಮೂಲ ಧಾರವಾಡದ ಕಡೆಯವರು, ಈಗ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿದ್ದಾರೆ. ಅಮ್ಮ ಅವಳನ್ನು ಆಪ್ತಸಲಹೆಗಾರ್ತಿಯಾದ ನನ್ನ ಹತ್ತಿರ ಕರೆದುಕೊಂಡು ಬಂದದ್ದು ಹೊಟ್ಟೆನೋವು ಅಂತ. ಮಕ್ಕಳ ಡಾಕ್ಟರು ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಎಲ್ಲ ಮಾಡಿಸಿ ಏನೂ ತೊಂದರೆಯಿಲ್ಲ, ಒಮ್ಮೆ ಕೌನ್ಸೆಲಿಂಗಿಗೆ ಹೋಗಿ ಬನ್ನಿ ಅಂದಿದ್ದರಂತೆ. ನೋವು ಯಾವಾಗಿನಿಂದ, ಆ ವಾರ ಮನೆಯಲ್ಲಿ ಏನೇನಾಯ್ತು ಎಂದು ಕೇಳುತ್ತಾ ಹೋದಾಗ ಗೊತ್ತಾಗಿದ್ದು, ಅದು ಶುರುವಾದದ್ದು ಪಾರ್ಟಿ ಹಾಲ್ ಬುಕ್ ಮಾಡಿದ ವಾರ ಎಂದು.

ಅಮ್ಮನಿಗೆ ಬೇಜಾರು ತಡೆಯಲಿಲ್ಲ. "ಏನ್ ಕಡಿಮಿ ಮಾಡೀವ್ರಿ ಮೇಡಂ ಆಕಿಗೆ? ಹೋದ ವರ್ಷ ಅಷ್ಟು ಛಂದ ಮಾಡಿದ್ವಿ. ಈಗ ಬರ್ತ್‌ಡೇನ ಬ್ಯಾಡ ಅಂತಾಳ."

ಹೋದ ವರ್ಷದ್ದನ್ನು ಸಿರಿ ಬಣ್ಣ ಹಚ್ಚುತ್ತಾ ಹಚ್ಚುತ್ತಾ ಹೇಳಿದಳು, ನನ್ನ ಮುಖ ನೋಡದೆ. ಕುತ್ತಿಗೆಗೆ ಚುಚ್ಚುವ ನೆಟ್ಟಿನ ಫ್ರಾಕು. ತುಂಬಾ ಜನ, ಅರ್ಧ ಜನ ಯಾರೆಂದೇ ಗೊತ್ತಿಲ್ಲ. ಆಂಕರ್ ಒಬ್ಬರು ಮೈಕ್ ಹಿಡಿದು "ಪಪ್ಪಂಗೆ ಐ ಲವ್ ಯೂ ಹೇಳು ಪುಟ್ಟಾ, ಇನ್ನೂ ಜೋರಾಗಿ" ಅಂದರು. ಇವಳಿಗೆ ದನಿ ಹೊರಡಲಿಲ್ಲ. ಎಲ್ಲರೂ ನಕ್ಕರು. ಆಮೇಲೆ ದೊಡ್ಡ ಹುಡುಗರು ಮುಖಕ್ಕೆ ಕೇಕ್ ಮೆತ್ತಿದರು, ಕ್ರೀಮು ಮೂಗಿನೊಳಗೆ ಹೋಗಿ ಉಸಿರು ಕಟ್ಟಿದ ಹಾಗಾಯ್ತು. ಅವಳು ಅತ್ತ ವಿಡಿಯೋವನ್ನು ‘ಸೋ ಕ್ಯೂಟ್’ ಅಂತ ಯಾರೋ ಸ್ಟೇಟಸ್ ಹಾಕಿದರು. ಮರುದಿನ ಸ್ಕೂಲ್ ವ್ಯಾನಿನಲ್ಲಿ ಅದನ್ನು ಆಡಿ ತೋರಿಸಿ ಛೇಡಿಸಿದರು. ಇಷ್ಟನ್ನೂ ಮನೆಯಲ್ಲಿ ಹೇಳಿರಲಿಲ್ಲ. ಯಾಕೆ ಅಂತ ಕೇಳಿದ್ದಕ್ಕೆ, "ಪಪ್ಪ ಜಾಸ್ತಿ ದುಡ್ಡು ಖರ್ಚು ಮಾಡಿದ್ರಲ್ಲ" ಅಂದಳು.

ಇದನ್ನು ಅಪ್ಪ ಅಮ್ಮಂದಿರು ಗಮನಿಸಬೇಕು. ಮಕ್ಕಳು ನಮ್ಮ ಖರ್ಚನ್ನು ನೋಡುತ್ತಾರೆ, ನಾವು ಸುಸ್ತಾಗಿದ್ದನ್ನೂ ನೋಡುತ್ತಾರೆ, ನಮಗೆ ಬೇಜಾರಾಗಬಾರದು ಅಂತ ತಮಗಿಷ್ಟವಿಲ್ಲದ್ದನ್ನು ನುಂಗಿಕೊಳ್ಳುತ್ತಾರೆ. ನುಂಗಿಕೊಂಡದ್ದು ಹೊಟ್ಟೆನೋವಾಗಿ ಬರುತ್ತದೆ. ಅದು ನಾಟಕ ಅಲ್ಲ. ಗಾಬರಿಯಾದಾಗ ಹೊಟ್ಟೆಯ ಸ್ನಾಯುಗಳು ನಿಜವಾಗಿಯೂ ಬಿಗಿಯುತ್ತವೆ, ನಿಜವಾಗಿಯೂ ನೋಯುತ್ತದೆ.

‘ನಿನಗೇನು ಬೇಕು’ ಅಂತ ಮಕ್ಕಳನ್ನು ನೇರವಾಗಿ ಕೇಳಿದರೆ ‘ಏನೂ ಬೇಡ’ ಅನ್ನುತ್ತಾರೆ, ಇಲ್ಲವೇ ಅಂಗಡಿಯಲ್ಲಿ ಕಂಡ ಯಾವುದೋ ಆಟಿಕೆಯ ಹೆಸರು ಹೇಳುತ್ತಾರೆ. ನಾನು ಹಾಗೆ ಕೇಳುವುದಿಲ್ಲ. ಇಲ್ಲಿಯವರೆಗೆ ನಿನಗೆ ತುಂಬಾ ಖುಷಿಯಾದ ದಿನ ಯಾವುದು, ಚಿತ್ರ ಬರೆದು ತೋರಿಸು ಅಂದೆ. ಸಿರಿ ಬರೆದದ್ದು ನಾಗರ ಪಂಚಮಿ. ಅಮ್ಮನ ತವರು, ಬೇವಿನ ಮರ, ಹಗ್ಗದ ಜೋಕಾಲಿ. ಒಂದು ಮೂಲೆಯಲ್ಲಿ ದುಂಡಗೆ ಏನೋ ಬರೆದಿದ್ದಳು. ಅದು ಒಣಕೊಬ್ಬರಿ ಬಟ್ಟಲು. ಅದಕ್ಕೆ ತೂತು ಹಾಕಿ, ದಾರ ಪೋಣಿಸಿ, ಎರಡೂ ಕೈಯಲ್ಲಿ ಹಿಡಿದು ಎಳೆದೆಳೆದು ಗರಗರ ತಿರುಗಿಸುವ ಆಟ ಉತ್ತರ ಕರ್ನಾಟಕದವರಿಗೆ ಗೊತ್ತು. ಮಾಮಾ ಕಲಿಸಿದ್ದಂತೆ. ಚಿತ್ರದಲ್ಲಿ ನೀನೆಲ್ಲಿದ್ದೀಯಾ ಅಂದೆ. ಜೋಕಾಲಿ ಮೇಲೆ ಇರಲಿಲ್ಲ ಅವಳು. ಅಜ್ಜಿಯ ಪಕ್ಕ ಕೂತು ಉಂಡೆ ಕಟ್ಟುತ್ತಿದ್ದಳು. "ನಾನು ಕಟ್ಟಿದ ಶೇಂಗಾ ಉಂಡೇನ ಅಜ್ಜಿ ಎಲ್ಲರ ಮನೆಗೂ ಕೊಟ್ಟು ಬಂದ್ರು."

ನನಗೆ ಬೇಕಾದದ್ದು ಸಿಕ್ಕಿತು. ಈ ಮಗುವಿಗೆ ಹಬ್ಬ ಬೇಡ ಅಂತಲ್ಲ. ಹಬ್ಬದಲ್ಲಿ ಅವಳಿಗೊಂದು ಕೆಲಸ ಬೇಕು, ತನಗೆ ಬೇಕಾದ ಜನ ಬೇಕು, ಯಾರೂ ತನ್ನನ್ನೇ ನೋಡುತ್ತಾ ನಿಂತಿರಬಾರದು. ನಮ್ಮ ಹಳೆಯ ಹಬ್ಬಗಳಲ್ಲಿ ಇದು ತಾನಾಗಿಯೇ ಇತ್ತು. ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣು ಕಲಸಿ ಎತ್ತು ಮಾಡಲು ಕೂರುತ್ತಿದ್ದದ್ದು ಮಕ್ಕಳು. ಸಂಕ್ರಾಂತಿಗೆ ಮನೆಮನೆಗೂ ಎಳ್ಳು ಬೀರುತ್ತಿದ್ದದ್ದು ಹೆಣ್ಣುಮಕ್ಕಳು. ಚೌತಿಯ ದಿನ ‘ಗಣಪತಿ ಕೂರ್ಸಿದೀರಾ’ ಅಂತ ಬೀದಿ ಸುತ್ತುತ್ತಿದ್ದವರೂ ಅವರೇ. ಹಾಲ್ ಪಾರ್ಟಿಯಲ್ಲಿ ಕೇಕ್ ಕತ್ತರಿಸುವುದು ಬಿಟ್ಟರೆ ಮಗುವಿಗೆ ಬೇರೆ ಕೆಲಸವೇ ಇಲ್ಲ.

ಮುಂದಿನ ಸಲ ಅಪ್ಪನೂ ಬಂದರು. ವಿಡಿಯೋ ವಿಷಯ ಕೇಳಿ ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದ್ದು ಇದು. "ನಾ ಸಣ್ಣಾಂವ ಇದ್ದಾಗ ನನ್ನ ಹುಟ್ಟಿದ ದಿನ ಯಾವುದಂತ ಮನ್ಯಾಗ ಯಾರಿಗೂ ಗೊತ್ತಿರಲಿಲ್ರಿ. ಸಾಲ್ಯಾಗ ಮಾಸ್ತರು ಜೂನ್ ಒಂದು ಅಂತ ಬರಕೊಂಡ್ರು. ನನ್ನ ಮಗಳಿಗೆ ಹಂಗ ಆಗಬಾರದಂತ..." ಅವರ ಪ್ರೀತಿಯಲ್ಲಿ ನನಗೆ ಒಂದಿಷ್ಟೂ ಅನುಮಾನವಿಲ್ಲ. ಆದರೆ ಆ ಪಾರ್ಟಿ ನಡೆದದ್ದು ಅವರಿಗೆ ಚಿಕ್ಕಂದಿನಲ್ಲಿ ಸಿಗದೇ ಹೋದದ್ದಕ್ಕಾಗಿ. ಅದನ್ನು ಅವರಿಗೆ ಹಾಗೆಯೇ ಹೇಳಿದೆ. ಇನ್ನೊಂದು ಕಾರಣವೂ ಇತ್ತು, ಅದನ್ನು ಅಮ್ಮನೇ ಹೇಳಿದರು. ನಾಲ್ಕು ಜನರ ಮನೆಗೆ ಹೋಗಿ ಉಂಡು ಬಂದ ಮೇಲೆ ನಾವೂ ಕರೆಯಬೇಕಲ್ಲ ಅಂತ. ಆ ಮುಯ್ಯಿ ದೊಡ್ಡವರದ್ದು. ಅದನ್ನು ಮಗುವಿನ ಹುಟ್ಟುಹಬ್ಬದಲ್ಲಿ ತೀರಿಸಬೇಡಿ, ಬೇರೊಂದು ಭಾನುವಾರ ಊಟಕ್ಕೆ ಕರೆಯಿರಿ ಅಂದೆ.

"ಹಂಗಾದ್ರ ಎಲ್ಲಾ ಆಕಿನ್ನ ಕೇಳೇ ಮಾಡಬೇಕೇನ್ರಿ?" ಅಂತ ಅಪ್ಪ ಕೇಳಿದರು. ಎಲ್ಲವನ್ನೂ ಅಲ್ಲ, ಅವಳದ್ದನ್ನು ಮಾತ್ರ. 1989ರಲ್ಲಿ ವಿಶ್ವಸಂಸ್ಥೆ ಮಾಡಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ನಮ್ಮ ದೇಶ 1992ರಲ್ಲಿ ಒಪ್ಪಿಕೊಂಡಿದೆ. ಅದರ 12ನೇ ವಿಧಿ, ಮಗುವಿಗೆ ಸಂಬಂಧಿಸಿದ ವಿಷಯದಲ್ಲಿ ಮಗುವಿನ ಮಾತಿಗೆ ಅದರ ವಯಸ್ಸಿಗೆ ತಕ್ಕ ಬೆಲೆ ಕೊಡಿ ಅನ್ನುತ್ತದೆ. 31ನೇ ವಿಧಿ ಆಟ, ಬಿಡುವು, ಸಾಂಸ್ಕೃತಿಕ ಬದುಕಿನ ಬಗ್ಗೆಯೇ ಇದೆ. ದೇಶದ ಮಟ್ಟದಲ್ಲಿ ಒಪ್ಪಿಕೊಂಡದ್ದನ್ನು ನಮ್ಮ ಮನೆಯಲ್ಲೂ ಒಪ್ಪಿಕೊಳ್ಳಬಹುದು ಅಲ್ವಾ?

ನಾನು ಕೊಟ್ಟ ಸಲಹೆ ಇಷ್ಟು. ಹಾಲ್ ಬುಕಿಂಗ್ ರದ್ದು ಮಾಡಿ, ಅಡ್ವಾನ್ಸ್ ಹೋದರೆ ಹೋಗಲಿ. ಒಂದು ಮೊತ್ತ ಹೇಳಿ, ಅದರೊಳಗೆ ಯಾರನ್ನು ಕರೆಯಬೇಕು, ಏನು ತಿನ್ನಬೇಕು, ಏನು ಆಡಬೇಕು ಅನ್ನುವ ಮೂರನ್ನೂ ಅವಳಿಗೆ ಬಿಡಿ. ಆಮೇಲೆ ನಿಮಗಿಷ್ಟವಾಗದ ಹೆಸರು ಪಟ್ಟಿಯಲ್ಲಿದ್ದರೂ ಹೊಡೆದು ಹಾಕಬೇಡಿ. ಅಡುಗೆಯಲ್ಲಿ ನಿಜವಾದ ಕೆಲಸ ಕೊಡಿ, ಸುಮ್ನೆ ಫೋಟೋಗೆ ಸೌಟು ಹಿಡಿಸುವುದು ಬೇಡ. ಮೈಕ್ ಬೇಡ, ‘ಆಂಟಿಗೆ ಡಾನ್ಸ್ ಮಾಡಿ ತೋರಿಸು’ ಬೇಡ, ಮುಖಕ್ಕೆ ಕೇಕ್ ಅಂತೂ ಖಂಡಿತ ಬೇಡ. ಅವಳನ್ನು ಕೇಳದೆ ಒಂದು ಫೋಟೋನೂ ಹೊರಗೆ ಹೋಗಬಾರದು. ಆ ಹಳೆಯ ವಿಡಿಯೋ ಎಲ್ಲೆಲ್ಲಿ ಉಳಿದಿದೆಯೋ ಅಲ್ಲೆಲ್ಲ ಅಳಿಸುವಂತೆ ನೀವೇ ಫೋನ್ ಮಾಡಿ ಕೇಳಿ, ಮತ್ತು ಕೇಳಿದ್ದು ಅವಳಿಗೆ ಗೊತ್ತಾಗಲಿ. ನೆಂಟರ ಮುಂದೆ ‘ಇವಳು ಬಹಳ ನಾಚಿಕೆ’ ಅಂತ ಹೇಳುವುದನ್ನೂ ನಿಲ್ಲಿಸಿ.

ಎಲ್ಲ ಮಕ್ಕಳಿಗೂ ಇದೇ ಸರಿ ಅಂತ ನಾನು ಹೇಳುವುದಿಲ್ಲ. ಸಿರಿಯ ಅತ್ತೆ ಮಗನಿಗೆ ಮೈಕ್ ಅಂದರೆ ಪ್ರಾಣವಂತೆ, ಅವನಿಗೆ ಅದೇ ಖುಷಿ. ಇನ್ನು ಹೊಟ್ಟೆನೋವು ವಾರಗಟ್ಟಲೆ ಮುಂದುವರಿದರೆ, ಸ್ಕೂಲಿಗೆ ಹೋಗಲು ಒಲ್ಲೆ ಅಂದರೆ, ಮನೆಯವರನ್ನು ಬಿಟ್ಟು ಯಾರ ಜೊತೆಗೂ ಮಾತೇ ಆಡದಿದ್ದರೆ ಆಪ್ತಸಲಹೆಗೇ ನಿಲ್ಲಬಾರದು, ಮಕ್ಕಳ ಮನೋವೈದ್ಯರನ್ನು ಕಾಣಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ವಿಭಾಗವಿದೆ. ದೂರದ ಊರಿನವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಬಹುದು, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಸಿರಿಯ ಪಟ್ಟಿಯಲ್ಲಿ ಐದು ಹೆಸರಿದ್ದವು. ವ್ಯಾನಿನಲ್ಲಿ ತನ್ನ ಪರ ಮಾತಾಡಿದ ಏಳನೇ ಕ್ಲಾಸಿನ ಅಕ್ಕನದ್ದೇ ಮೊದಲು. ಅಮ್ಮ ಆ ಹುಡುಗಿಯ ಹೆಸರನ್ನೇ ಕೇಳಿರಲಿಲ್ಲ. ಅಜ್ಜಿಯನ್ನು ಊರಿಂದ ಕರೆಸಿದರು. ಉಂಡೆ ಕಟ್ಟಿದರು, ಸಣ್ಣದೊಂದು ಕೇಕೂ ಇತ್ತು, ಅದು ಬೇಕು ಅಂತ ಅವಳೇ ಹೇಳಿದ್ದು. ಕೊಬ್ಬರಿ ಬಟ್ಟಲು ತಿರುಗಿಸುವುದನ್ನು ಬಂದ ಮಕ್ಕಳಿಗೆ ಅಪ್ಪ ಕಲಿಸಿದರು. ನನ್ನ ಪಾಳಿ ಬರಲೇ ಇಲ್ಲ ಅಂತ ಒಂದು ಮಗು ಸಿಟ್ಟು ಮಾಡಿಕೊಂಡು ಮನೆಗೆ ಹೋಯಿತು, ಸಿರಿಯೇ ಹೋಗಿ ಕರೆದುಕೊಂಡು ಬಂದಳು. ನೆಂಟರಲ್ಲಿ ಒಬ್ಬಿಬ್ಬರು ಕರೆಯಲಿಲ್ಲ ಅಂತ ಮುನಿಸಿಕೊಂಡಿದ್ದಾರೆ, ಅಮ್ಮನಿಗೆ ಆ ಬೇಸರ ಇನ್ನೂ ಇದೆ.

ಹೊಟ್ಟೆನೋವು ನಿಂತಿತ್ತು, ಸ್ಕೂಲ್ ಡೇ ಹತ್ತಿರ ಬಂದಾಗ ಮತ್ತೆ ಎರಡು ಸಲ ಬಂತು. ಟೀಚರ್ ಜೊತೆ ಮಾತಾಡಿ ಅವಳಿಗೆ ಪರದೆ ಎಳೆಯುವ ಕೆಲಸ ಕೊಡಿಸಿದ್ದೇವೆ. ಬರುವ ತಿಂಗಳು ತಮ್ಮನ ಜವಳ (ಮೊದಲ ಸಲ ಕೂದಲು ತೆಗೆಸುವ ಶಾಸ್ತ್ರ) ಇದೆ, ಇನ್ನೂರು ಜನ ಬರುತ್ತಾರೆ. ಅದು ತಮ್ಮನ ದಿನ, ಜನ ಬೇಡ ಅನ್ನಲು ಆಗುವುದಿಲ್ಲ ಅಂತ ಅವಳಿಗೂ ಗೊತ್ತು. ತನ್ನನ್ನು ಸ್ಟೇಜಿಗೆ ಕರೆಯಬಾರದು, ಬಂದವರಿಗೆ ತಾಂಬೂಲ ಕೊಡುವುದು ತನ್ನ ಕೆಲಸ, ಇವೆರಡೇ ಅವಳು ಕೇಳಿದ್ದು. ಅಪ್ಪ ಎರಡಕ್ಕೂ ಒಪ್ಪಿದ್ದಾರೆ.