ಮುಂದಿನ ಚಕ್ರಕ್ಕೆ ಪವರ್ ಇರುವ ಕಾರನ್ನು ಹಗ್ಗ ಕಟ್ಟಿ ಎಳೆಯಬಹುದೇ?

ನೀವು ಕೇಳಿದ್ದು ಇಷ್ಟು: ಸಕಲೇಶಪುರದ ತೋಟದಲ್ಲಿ ಸ್ವಿಫ್ಟ್ ನಿಂತಿದೆ, ಇಂಜಿನ್ ಸ್ಟಾರ್ಟ್ ಆಗುತ್ತದೆ, ಆದರೆ ಕ್ಲಚ್ ಪ್ಲೇಟ್ ಸವೆದು ಗಾಡಿ ಕದಲುತ್ತಿಲ್ಲ. ಭಾವನ ಬೊಲೆರೊಗೆ ಹಗ್ಗ ಕಟ್ಟಿ ಹಾಸನದವರೆಗೆ, ಸುಮಾರು 40 ಕಿ.ಮೀ., ಎಳೆದುಕೊಂಡು ಹೋಗಬಹುದೇ? ಮುಂದಿನ ಚಕ್ರದ ಗಾಡಿ ಹೀಗೆ ಎಳೆದರೆ ಗೇರ್‌ಬಾಕ್ಸ್ ಹೋಗುತ್ತದೆ ಅಂತ ಯಾರೋ ಹೆದರಿಸಿದ್ದಾರೆ.

ಹೆದರಿಸಿದವರ ಮಾತು ಅರ್ಧ ಸರಿ. ನಿಮ್ಮ ಗಾಡಿಯಲ್ಲಿ ಗೇರ್‌ಬಾಕ್ಸೂ ಎರಡು ಚಕ್ರಕ್ಕೂ ಶಕ್ತಿ ಹಂಚುವ ಡಿಫರೆನ್ಷಿಯಲ್ಲೂ ಒಂದೇ ಡಬ್ಬದೊಳಗೆ ಇವೆ. ಅಲ್ಲಿಂದ ಹೊರಟ ಎರಡು ಆಕ್ಸಲ್ ನೇರ ಮುಂದಿನ ಚಕ್ರಕ್ಕೆ. ಹಾಗಾಗಿ ಮುಂದಿನ ಚಕ್ರ ಉರುಳಿದರೆ ಒಳಗಿನ ಹಲ್ಲುಗಳೂ ತಿರುಗಲೇಬೇಕು. ಮ್ಯಾನುವಲ್ ಆಗಿದ್ದರೆ ನ್ಯೂಟ್ರಲ್‌ನಲ್ಲಿ ಸ್ವಲ್ಪ ದೂರಕ್ಕೆ ತೊಂದರೆಯಿಲ್ಲ. ಡಿಫರೆನ್ಷಿಯಲ್‌ನ ದೊಡ್ಡ ಹಲ್ಲುಚಕ್ರ ಎಣ್ಣೆಯಲ್ಲಿ ಮುಳುಗಿಕೊಂಡೇ ತಿರುಗುತ್ತದೆ, ಎಣ್ಣೆಯನ್ನು ತಾನೇ ಎರಚಿಕೊಳ್ಳುತ್ತದೆ. ಎಣ್ಣೆ ಇದ್ದರೆ ಮಾತ್ರ. ಹೊರಡುವ ಮುಂಚೆ ಗಾಡಿ ಕೆಳಗೆ ಒಂದು ಹಳೇ ಪೇಪರ್ ಹಾಸಿ, ಸ್ವಲ್ಪ ಹೊತ್ತು ಬಿಟ್ಟು ನೋಡಿ. ಗೇರ್‌ಬಾಕ್ಸ್ ನೇರಕ್ಕೆ ಎಣ್ಣೆ ಕಲೆ ಬಿದ್ದಿದ್ದರೆ ಹಗ್ಗದ ಯೋಚನೆ ಬಿಟ್ಟುಬಿಡಿ.

ಟಾರ್ಕ್ ಕನ್ವರ್ಟರ್ (ಕ್ಲಚ್ ಬದಲು ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಭಾಗ) ಇರುವ ಆಟೋಮ್ಯಾಟಿಕ್ ಅಥವಾ ಸಿವಿಟಿ (ಗೇರ್ ಬದಲು ಬೆಲ್ಟ್ ಇರುವ ಆಟೋಮ್ಯಾಟಿಕ್) ಆಗಿದ್ದರೆ ಕತೆಯೇ ಬೇರೆ. ಅವುಗಳ ಎಣ್ಣೆ ಪಂಪು ನಡೆಯುವುದು ಇಂಜಿನ್‌ನಿಂದ. ಇಂಜಿನ್ ಬಂದಾಗಿ ಚಕ್ರ ಮಾತ್ರ ತಿರುಗಿದರೆ ಒಳಗೆಲ್ಲ ಒಣಗಿ ಉಜ್ಜಿ ಸುಡುತ್ತದೆ. ಅಂಥ ಗಾಡಿಗೆ ಫ್ಲಾಟ್‌ಬೆಡ್ಡೇ (ಕಾರನ್ನು ಪೂರ್ತಿ ಮೇಲೇರಿಸಿ ಒಯ್ಯುವ ಲಾರಿ) ಗತಿ, ಇಲ್ಲವೇ ಮುಂದಿನ ಎರಡೂ ಚಕ್ರ ನೆಲ ಬಿಟ್ಟಿರಬೇಕು. ಎಎಂಟಿ (ಗೇರನ್ನು ಗಾಡಿಯೇ ಬದಲಿಸುವ ವ್ಯವಸ್ಥೆ) ಒಳಗಿರುವುದು ಮ್ಯಾನುವಲ್ ಗೇರ್‌ಬಾಕ್ಸೇ. ಆದರೆ ಬ್ಯಾಟರಿ ಸತ್ತು ಗೇರ್‌ನಲ್ಲೇ ನಿಂತಿದ್ದರೆ ನ್ಯೂಟ್ರಲ್‌ಗೆ ಬರುವುದಿಲ್ಲ, ಎಳೆಯಲೂ ಆಗುವುದಿಲ್ಲ.

ಇನ್ನು ಹಾಸನ. ನನ್ನ ಮಟ್ಟಿಗೆ ಬೇಡ. ಕೇಂದ್ರದ ನಿಯಮದ ಪ್ರಕಾರ ಕೆಟ್ಟ ಗಾಡಿಯನ್ನು ಹತ್ತಿರದ ಗ್ಯಾರೇಜಿಗೆ ಎಳೆಯಬಹುದು. ವೇಗ ಗಂಟೆಗೆ 25 ಕಿ.ಮೀ. ಒಳಗೆ, ಎರಡು ಗಾಡಿಗಳ ನಡುವೆ 5 ಮೀಟರ್‌ಗಿಂತ ಹೆಚ್ಚು ಅಂತರ ಇರಬಾರದು, ಹಿಂದಿನ ಗಾಡಿಯಲ್ಲೂ ಲೈಸೆನ್ಸ್ ಇರುವವರೇ ಕೂರಬೇಕು. ಆ ವೇಗದಲ್ಲಿ 40 ಕಿ.ಮೀ. ಅಂದರೆ ಒಂದೂವರೆ ಗಂಟೆ ಮೀರುತ್ತದೆ. ಮಂಗಳೂರು ಕಡೆಯ ಟ್ಯಾಂಕರ್, ಬಸ್ಸು ಎಲ್ಲ ಬೆನ್ನಿಗೆ ಬಿದ್ದಿರುವ ಹೆದ್ದಾರಿಯಲ್ಲಿ ಅಷ್ಟು ಹೊತ್ತು ಹಗ್ಗದ ತುದಿಯಲ್ಲಿ ಕೂರುವುದು ಯಾರಿಗೆ ಬೇಕು? ಕ್ಲಚ್ ಪ್ಲೇಟ್ ಸಕಲೇಶಪುರ ಪೇಟೆಯಲ್ಲೇ ಹಾಕುತ್ತಾರೆ. ತೋಟದಿಂದ ಅಲ್ಲಿಯವರೆಗೆ ಹಗ್ಗ ಸಾಕು. ಹಾಸನಕ್ಕೇ ಬೇಕೆಂದರೆ ಇನ್ಶೂರೆನ್ಸ್ ಪಾಲಿಸಿಯಲ್ಲಿ ರೋಡ್‌ಸೈಡ್ ಅಸಿಸ್ಟೆನ್ಸ್ (ದಾರಿಯಲ್ಲಿ ಗಾಡಿ ಕೆಟ್ಟರೆ ನೆರವಿಗೆ ಬರುವ ಸೌಲಭ್ಯ) ಇದೆಯಾ ನೋಡಿ. ಎಷ್ಟೋ ಜನ ಅದಕ್ಕೆ ದುಡ್ಡು ಕಟ್ಟಿರುತ್ತಾರೆ, ಗೊತ್ತೇ ಇರುವುದಿಲ್ಲ.

ಹಗ್ಗ ಕಟ್ಟುವ ಜಾಗ. ಡಿಕ್ಕಿಯಲ್ಲಿ ಸ್ಟೆಪ್ನಿ ಹತ್ತಿರ ಟೂಲ್ ಕಿಟ್ ಹುಡುಕಿ. ತಿರುಪು ಇರುವ ಒಂದು ಕೊಂಡಿ ಸಿಕ್ಕರೆ, ಮುಂದಿನ ಬಂಪರ್‌ನ ಸಣ್ಣ ಮುಚ್ಚಳ ತೆಗೆದು ಅದನ್ನು ಒಳಕ್ಕೆ ತಿರುಗಿಸಿ, ವೀಲ್ ಸ್ಪ್ಯಾನರ್ ತೂರಿಸಿ ಪೂರ್ತಿ ಬಿಗಿ ಮಾಡಿ. ಕೆಲವು ಗಾಡಿಗಳಲ್ಲಿ ಈ ತಿರುಪು ಉಲ್ಟಾ ಇರುತ್ತದೆ, ಬಲವಂತ ಮಾಡಬೇಡಿ. ಕೆಲವಕ್ಕೆ ಕೊಂಡಿ ಕೆಳಗೇ ಬೆಸೆದಿರುತ್ತದೆ. ಬಂಪರ್‌ಗಾಗಲೀ ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋಯರ್ ಆರ್ಮ್‌ಗಾಗಲೀ ಹಗ್ಗ ಸುತ್ತಬೇಡಿ. ನಾಲ್ಕು ಮೀಟರ್ ಹಗ್ಗ, ನಡುವೆ ಕೆಂಪು ಬಟ್ಟೆ. ಒದ್ದೆ ಗೋಣಿಚೀಲ ಹೊದಿಸಿದರೆ ಇನ್ನೂ ಒಳ್ಳೆಯದು, ಹಗ್ಗ ತುಂಡಾದರೂ ಚಾಟಿಯ ಹಾಗೆ ಗಾಜಿಗೆ ಬಂದು ಬಡಿಯುವುದಿಲ್ಲ. ಗಂಟಿನ ನಡುವೆ ಒಂದು ಕಾಫಿ ಕಟ್ಟಿಗೆ ತುಂಡು ಸಿಕ್ಕಿಸಿಕೊಳ್ಳಿ. ಎಳೆದೆಳೆದು ಬಿಗಿದ ಗಂಟು ಆಮೇಲೆ ಕತ್ತಿಗೂ ಬಗ್ಗುವುದಿಲ್ಲ.

ನಿಮ್ಮ ಅದೃಷ್ಟ, ಇಂಜಿನ್ ಸ್ಟಾರ್ಟ್ ಆಗುತ್ತದೆ. ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಮಾಡಿಯೇ ಇಡಿ. ಬಂದಾಗಿದ್ದರೆ ಪೆಡಲ್ ಹಗುರ ಮಾಡುವ ಬ್ರೇಕ್ ಬೂಸ್ಟರ್ ಎರಡು ಮೂರು ಸಲ ಒತ್ತುವಷ್ಟರಲ್ಲಿ ಖಾಲಿಯಾಗಿ ಪೆಡಲ್ ಕಲ್ಲಾಗುತ್ತದೆ, ಸ್ಟೀರಿಂಗೂ ಭಾರ. ಯಾವ ಕಾರಣಕ್ಕೂ ಕೀ ತೆಗೆಯಬೇಡಿ, ಸ್ಟೀರಿಂಗ್ ಲಾಕ್ ಬೀಳುತ್ತದೆ. ಹ್ಯಾಂಡ್ ಬ್ರೇಕ್ ಇಳಿಸಿದ್ದೀರಾ ಅಂತ ಎರಡು ಸಲ ನೋಡಿ.

ಎಲ್ಲರೂ ಎಳೆಯುವವನಿಗೆ ಬುದ್ಧಿ ಹೇಳುತ್ತಾರೆ. ಕಷ್ಟದ ಕೆಲಸ ಹಿಂದಿನವನದು. ನನಗೆ ಇದು ಗೊತ್ತಾಗಿದ್ದು ಬಾಳ್ಳುಪೇಟೆ ಹತ್ತಿರ, ನಮ್ಮ ಹಳೇ ಝೆನ್‌ನಲ್ಲಿ. ಚಿಕ್ಕಪ್ಪ ಜೀಪಿನಲ್ಲಿ ಎಳೆಯುತ್ತಿದ್ದರು. ಇಳಿಜಾರು ಬಂತು, ಜೀಪು ನಿಧಾನವಾಯಿತು, ನಾನು ಸುಮ್ಮನೆ ಉರುಳಿಕೊಂಡು ಹತ್ತಿರ ಹೋದೆ. ಹಗ್ಗ ಜೋತು ಬಿದ್ದು ಬಲಗಡೆ ಟೈರಿನ ಅಡಿಗೆ ಹೋಯಿತು. ಅಷ್ಟರಲ್ಲಿ ಚಿಕ್ಕಪ್ಪ ಆಕ್ಸಿಲರೇಟರ್ ಒತ್ತಿದರು. ಟಪ್ ಅಂತ ಒಂದೇ ಸದ್ದು. ಬಂಪರ್ ಕಿತ್ತುಕೊಂಡು ಜೀಪಿನ ಹಿಂದೆ ಹೋಯಿತು, ನಾನೂ ಕಾರೂ ಅಲ್ಲೇ ಉಳಿದೆವು. ಚಿಕ್ಕಪ್ಪ ಅರ್ಧ ಫರ್ಲಾಂಗ್ ಹೋದ ಮೇಲೆ ಹಿಂತಿರುಗಿ ನೋಡಿದ್ದು.

ಆವತ್ತಿನಿಂದ ನಾನು ಮಾಡುವುದು ಹೀಗೆ: ಕಣ್ಣು ಹಗ್ಗದ ಮೇಲೆ, ಕಾಲು ಬ್ರೇಕಿನ ಮೇಲೆ. ಹಗ್ಗ ಸಡಿಲಾಗುವ ಸೂಚನೆ ಕಂಡ ಕೂಡಲೇ ತುಸು ಬ್ರೇಕ್ ತಾಗಿಸಿ ಬಿಗಿಯಾಗಿ ಇಟ್ಟುಕೊಳ್ಳುವುದು. ಮುಂದಿನವನು ಬ್ರೇಕ್ ಹಾಕುವ ಮುಂಚೆ ಹಿಂದಿನವನೇ ಹಾಕಬೇಕು, ಎರಡೂ ಗಾಡಿ ನಿಲ್ಲಿಸುವುದು ಹಿಂದಿನ ಗಾಡಿಯ ಬ್ರೇಕೇ. ಮುಂದಿನವನ ಕೆಲಸ ಮೊದಲ ಗೇರ್‌ನಲ್ಲಿ ಹಗ್ಗ ಬಿಗಿಯಾಗುವವರೆಗೆ ತೆವಳಿ, ಆಮೇಲೆ ಎಳೆಯುವುದು. ಶಿರಾಡಿ ಘಾಟಿ ಇಳಿಯುವುದಕ್ಕೆ ಮಾತ್ರ ಇದನ್ನು ಪ್ರಯೋಗಿಸಬೇಡಿ.

ಒಂದು ವೇಳೆ ಕ್ರೇನ್ ಕರೆಸಿದರೆ ಮುಂದಿನ ಚಕ್ರವನ್ನೇ ಎತ್ತಿಸಿ. ಅಂಬಾಸಿಡರ್, ಓಮ್ನಿ ಕಾಲದಿಂದ ಕೆಲಸ ಮಾಡಿದ ಕೆಲವರಿಗೆ ಹಿಂದುಗಡೆ ಎತ್ತುವುದೇ ಅಭ್ಯಾಸ, ಅವುಗಳಿಗೆ ಪವರ್ ಇರುವುದು ಹಿಂದಿನ ಚಕ್ರಕ್ಕೆ. ನಿಮ್ಮದಕ್ಕೆ ಅದು ಉಲ್ಟಾ.

ಭಾವನ ಹತ್ತಿರ ಮೊದಲೇ ಮಾತಾಡಿಕೊಳ್ಳಿ: ಒಂದು ಹಾರ್ನ್ ಅಂದರೆ ನಿಧಾನ, ಎರಡು ಅಂದರೆ ನಿಲ್ಲಿಸು. ತೋಟದ ಮಣ್ಣು ರಸ್ತೆಯಲ್ಲೇ ನೂರು ಮೀಟರ್ ಅಭ್ಯಾಸ ಮಾಡಿ ಆಮೇಲೆ ಟಾರು ಹತ್ತಿ. ಹಿಂದಿನ ಗಾಡಿಯಲ್ಲಿ ನೀವೇ ಕೂರಿ.