ಧಾರಾವಾಹಿ ಓದಿ ಬೆಳೆದವರಿಗೆ ಹೊಸ ಕಾದಂಬರಿ ಯಾವುದು?

ಪ್ರಶ್ನೆ: ಮಾಷ್ಟ್ರೇ, ನನಗೆ ಐವತ್ತೊಂಬತ್ತು. ಮದುವೆಗೆ ಮೊದಲು ಮಂಗಳೂರು ಬಸ್ಸಿನಲ್ಲಿ ಬರುತ್ತಿದ್ದ ‘ಸುಧಾ’ದಲ್ಲಿ ಕೆ.ಟಿ. ಗಟ್ಟಿಯವರ ಧಾರಾವಾಹಿ ಮೊದಲು ಯಾರು ಓದುವುದು ಅಂತ ಅಣ್ಣನೊಟ್ಟಿಗೆ ಜಗಳ ಮಾಡಿದವಳು ನಾನು. ಮತ್ತೆ ತೋಟ, ಹಟ್ಟಿ, ಮಕ್ಕಳು ಅಂತ ಓದು ನಿಂತೇ ಹೋಯಿತು. ಈಗ ಮಗ ದುಬೈಯಲ್ಲಿದ್ದಾನೆ, ನನಗೆ ಪುರುಸೊತ್ತು ಉಂಟು. ಮೊನ್ನೆ ಒಂದು ಹೊಸ ಕಾದಂಬರಿ ತರಿಸಿ ಓದಿದೆ. ಪುಟ ಮುಗಿಯಿತು, ಕತೆ ಮುಗಿದ ಹಾಗೆ ಆಗಲಿಲ್ಲ. ನನಗೇ ಅರ್ಥವಾಗದ್ದೋ? ಈಚಿನವುಗಳಲ್ಲಿ ಯಾವುದು ಓದಲಿ?
(ಬದಿಯಡ್ಕ ಸಮೀಪದ ಓದುಗರೊಬ್ಬರು)

ಉತ್ತರ: ಅಕ್ಕಾ, ನಿಮಗೆ ಅರ್ಥವಾಗದ್ದಲ್ಲ. ಧಾರಾವಾಹಿಗೆ ಒಂದು ಕಟ್ಟುಪಾಡಿತ್ತು. ವಾರಕ್ಕೊಂದು ಗಂಟು ಹಾಕಬೇಕು, ಕೊನೆಯ ಕಂತಿನಲ್ಲಿ ಅಷ್ಟನ್ನೂ ಬಿಚ್ಚಿ ತೋರಿಸಬೇಕು. ಈಗ ಬರೆಯುವವರಲ್ಲಿ ಕೆಲವರು ಗಂಟನ್ನು ಹಾಗೇ ನಿಮ್ಮ ಕೈಗೆ ಕೊಟ್ಟು ಎದ್ದು ಹೋಗುತ್ತಾರೆ. ಮೊದಮೊದಲು ನನಗೂ ಸಿಟ್ಟು ಬಂದದ್ದುಂಟು.

ಆ ಸಿಟ್ಟು ಇಳಿಸಿದ್ದು ವಿವೇಕ ಶಾನಭಾಗರ ‘ಘಾಚರ್ ಘೋಚರ್’. 2013ರಲ್ಲಿ ಬಂದ ಕಿರುಕಾದಂಬರಿ, ಒಂದು ಮಳೆಯ ಮಧ್ಯಾಹ್ನಕ್ಕೆ ಮುಗಿಯುತ್ತದೆ. ಆ ಹೆಸರು ನಿಘಂಟಿನಲ್ಲಿ ಸಿಗುವುದಿಲ್ಲ. ಒಂದು ಮನೆಯವರು ತಮ್ಮೊಳಗೇ ಹುಟ್ಟಿಸಿಕೊಂಡ ಮಾತು ಅದು, ಬಿಡಿಸಲಾಗದ ಗೋಜಲು ಅಂತ ಅರ್ಥ. ಬೆಂಗಳೂರಿನಲ್ಲಿ ಇರುವೆ ಕಾಟದ ಪುಟ್ಟ ಮನೆಯಲ್ಲಿದ್ದ ಕುಟುಂಬ, ಚಿಕ್ಕಪ್ಪನ ಮಸಾಲೆ ವ್ಯಾಪಾರ ಕೈಹಿಡಿದು ದುಡ್ಡಿನವರಾಗುತ್ತಾರೆ. ಅಲ್ಲಿಂದ ಮೇಲೆ ಚಿಕ್ಕಪ್ಪನ ಮುಖ ನೋಡಿಯೇ ಮನೆಯ ದಿನ ಸಾಗುವುದು. ಒಬ್ಬ ದುಡಿದು ಉಳಿದವರು ಅವನ ಸುತ್ತ ಸುತ್ತುವುದನ್ನು ನಮ್ಮೂರಿನ ಗಲ್ಫ್ ಮನೆಗಳಲ್ಲಿ ಸಾಕಷ್ಟು ನೋಡಿದ್ದೇವೆ. (ನಿಮ್ಮ ಮನೆಯನ್ನು ಹೇಳಿದ್ದಲ್ಲ, ಬೇಸರಿಸಬೇಡಿ.)

ಓದುವಾಗ ಒಂದು ಎಚ್ಚರ ಇರಲಿ: ಕತೆ ಹೇಳುವವನನ್ನು ಪೂರ್ತಿ ನಂಬಬೇಡಿ. ಮೆತ್ತಗೆ, ಮರ್ಯಾದಸ್ಥನ ಹಾಗೆ ಮಾತಾಡುತ್ತಾನೆ. ಚಿಕ್ಕಪ್ಪನನ್ನು ಹುಡುಕಿಕೊಂಡು ಒಬ್ಬಳು ಬಾಗಿಲಿಗೆ ಬರುವ ಪ್ರಸಂಗ ಉಂಟು. ಮನೆಯ ಹೆಂಗಸರು ಅವಳನ್ನು ಬಾಯಿಗೆ ಬಂದ ಹಾಗೆ ಬೈದು ಅಟ್ಟುವಾಗ ಇವನು ಏನು ಮಾಡುತ್ತಾನೆ, ಏನು ಮಾಡುವುದಿಲ್ಲ, ನೋಡಿ. ಮೊದಲ ಓದಿನಲ್ಲಿ ನಾನದನ್ನು ಸಾಮಾನ್ಯ ಮನೆಜಗಳ ಅಂತ ದಾಟಿಬಿಟ್ಟಿದ್ದೆ. ಎರಡನೆಯ ಸಲ ಅಲ್ಲಿಗೆ ಬಂದಾಗ ಪುಸ್ತಕ ಮುಚ್ಚಿ ಅಂಗಳಕ್ಕೆ ಹೋಗಿ ನಿಂತೆ. ಕೊನೆ ಮುಗಿಯಲಿಲ್ಲ ಅನಿಸಿದರೆ ಈ ಪುಟಗಳಿಗೇ ಮರಳಿ ಬನ್ನಿ, ಬೇಕಾದದ್ದೆಲ್ಲ ಅಲ್ಲೇ ಉಂಟು. ಹಿಡಿಸಿದರೆ ಅವರದ್ದೇ ‘ಸಕೀನಾಳ ಮುತ್ತು’ ಓದಿ. ನನ್ನ ತೂಕದಲ್ಲಿ ಮೊದಲನೆಯದೇ ಹೆಚ್ಚು.

ಇಲ್ಲ ಮಾಷ್ಟ್ರೇ, ನನಗೆ ತುಂಬಿದ ಕತೆಯೇ ಬೇಕು ಅನ್ನುವಿರಾದರೆ ವಸುಧೇಂದ್ರರ ‘ತೇಜೋ-ತುಂಗಭದ್ರಾ’ ಉಂಟು. 2019ರದ್ದು, ನಾನೂರಕ್ಕೂ ಮಿಕ್ಕಿದ ಪುಟ. ಲಿಸ್ಬನ್ನಿನ ತೇಜೋ ನದಿಯ ದಡದಲ್ಲಿ ಒಂದು ಪ್ರೀತಿ, ವಿಜಯನಗರದ ತುಂಗಭದ್ರೆಯ ದಡದಲ್ಲಿ ಇನ್ನೊಂದು ಬದುಕು, ನಡುವೆ ಗೋವೆ. ಪೋರ್ಚುಗೀಸರು ಕಡಲು ದಾಟಿದ್ದಕ್ಕೆ ದೊಡ್ಡ ಕಾರಣ, ನಿಮ್ಮ ಕಂಗಿನ ಮೇಲೆ ಹಬ್ಬಿದೆಯಲ್ಲ, ಆ ಒಳ್ಳೆಮೆಣಸೇ. ಸಾವು, ಹಿಂಸೆ ಧಾರಾಳ. ರಾತ್ರಿ ಮಲಗುವ ಮುಂಚೆ ಓದಬೇಡಿ.

ಕೊನೆಗೆ ಕನ್ನಡದ್ದಲ್ಲದ ಒಂದು. ನಮ್ಮ ಕಾಸರಗೋಡು ಜಿಲ್ಲೆಯವರೇ ಆದ ಅಂಬಿಕಾಸುತನ್ ಮಾಂಗಾಡ್ 2009ರಲ್ಲಿ ಮಲಯಾಳದಲ್ಲಿ ಬರೆದ ‘ಎನ್ಮಕಜೆ’. ಅದು ಊರಿನ ಹೆಸರೇ; ಕತೆಯಲ್ಲಿ ಬರುವ ಪೆರ್ಲ, ಸ್ವರ್ಗ, ಪಡ್ರೆ ಎಲ್ಲ ನಿಮಗೆ ಬಸ್ಸಿನ ಬೋರ್ಡಿನಲ್ಲಿ ಕಾಣುವ ಹೆಸರುಗಳು. ಊರಿನವರ ಬಾಯಿಯಿಂದ ದೂರ ಹೋಗಿ ಕಾಡಿನಲ್ಲಿ ನೆಲೆಸಿದ ಒಬ್ಬ ಗಂಡಸು, ಒಬ್ಬಳು ಹೆಂಗಸು. ಅವರ ಕೈಗೆ ಸಿಗುವ ಕಾಯಿಲೆಯ ಮಗು. ಅಲ್ಲಿಂದ ಕತೆ ಗೇರು ತೋಟಗಳ ಕಡೆಗೆ ತಿರುಗುತ್ತದೆ. ಅಲ್ಲಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದು ಎರಡು ದಶಕಕ್ಕೂ ಹೆಚ್ಚು, ನಿಂತದ್ದು 2000ದ ಹೊತ್ತಿಗೆ. ಹೆಲಿಕಾಪ್ಟರ್ ನೋಡಲು ಮಕ್ಕಳು ಗುಡ್ಡೆಗೆ ಓಡುತ್ತಿದ್ದ ದಿನಗಳು ನಿಮಗೂ ನೆನಪಿರಬಹುದು. ಅರ್ಧದ ಮೇಲೆ ಕಾದಂಬರಿ ಪತ್ರಿಕೆಯ ವರದಿಯ ಹಾಗೆ ಒಣಗುತ್ತದೆ ಎಂಬುದು ನನ್ನ ದೂರು. ಆದರೂ ಬಿಡಬೇಡಿ. ನಮ್ಮದೇ ಮಣ್ಣಿನ ಸಂಕಟ ಪಕ್ಕದ ಭಾಷೆಯಲ್ಲಿ ಮೊದಲು ಕಾದಂಬರಿಯಾಗಿ ಕೈಗೆ ಸಿಕ್ಕಿದಾಗ ನನಗೆ ಸ್ವಲ್ಪ ನಾಚಿಕೆಯೇ ಆಗಿತ್ತು. ಕನ್ನಡ ಶಾಲೆಯಲ್ಲಿ ಕಲಿತ ನಮಗೆ ಮಲಯಾಳ ಮಾತಾಡಲು ಬರುತ್ತದೆ, ಅಕ್ಷರ ಹತ್ತುವುದಿಲ್ಲ. ಮನೆಯಲ್ಲೋ ನೆರೆಯಲ್ಲೋ ಶಾಲೆಯಲ್ಲಿ ಮಲಯಾಳ ಕಲಿಯುವ ಮಕ್ಕಳಿದ್ದರೆ ದಿನಕ್ಕೆ ನಾಲ್ಕು ಪುಟ ಓದಿಸಿ ಕೇಳಿ.

ಪ್ರಶ್ನೆ: ಬೂಕರ್ ಬಂದ ಕನ್ನಡ ಕಾದಂಬರಿಯನ್ನು ನಮ್ಮ ಗ್ರಂಥಾಲಯಕ್ಕೆ ತರಿಸಬೇಕು. ಹೆಸರು ತಿಳಿಸಿ.
(ಉಪ್ಪಳದ ಗ್ರಂಥಾಲಯ ಕಾರ್ಯದರ್ಶಿ)

ಉತ್ತರ: ಅದು ಕಾದಂಬರಿಯಲ್ಲ, ಕತೆಗಳು. ಬಾನು ಮುಷ್ತಾಕ್ ಅವರ 12 ಕತೆಗಳನ್ನು ಆರಿಸಿ ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ಗೆ 2025ರ ಅಂತರರಾಷ್ಟ್ರೀಯ ಬೂಕರ್ ಬಂತು. ನಿಮ್ಮ ಓದುಗರಿಗೆ ಆ ಇಂಗ್ಲಿಷ್ ಪುಸ್ತಕ ಯಾಕೆ? ಬಾನು ಅವರ ಕನ್ನಡ ಕಥಾಸಂಕಲನಗಳನ್ನೇ ತರಿಸಿ. ಪುಸ್ತಕಕ್ಕೆ ಹೆಸರು ಕೊಟ್ಟ ಕತೆ ಕನ್ನಡದಲ್ಲಿ ‘ಎದೆಯ ಹಣತೆ’. ಗ್ರಂಥಾಲಯದ ಅದೇ ಗ್ರಾಂಟಿನಲ್ಲಿ ಕಾಸರಗೋಡಿನಲ್ಲೇ ಹುಟ್ಟಿದ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ಯ ಎರಡು ಹೊಸ ಪ್ರತಿಗಳನ್ನೂ ಸೇರಿಸಿ. ಹಳೆಯದ್ದು ಇದೆ ಎನ್ನುವಿರಿ. ಕಳೆದ ಸಲ ಬಂದಾಗ ನೋಡಿದ್ದೇನೆ, ಅದರ ಕೊನೆಯ ಹಾಳೆಗಳೇ ಇಲ್ಲ.