ನಿನೆವೆ ಉಳೀತು, ಯೋನನಿಗೆ ಸಿಟ್ಟು ಬಂತು

ಬೈಬಲ್‌ನ ಹಳೇ ಒಡಂಬಡಿಕೇಲಿ ಬರೋ ಹೀಬ್ರೂ ಪ್ರವಾದಿಗಳ (ದೇವರ ಮಾತು ಸಾರೋರ) ದೇವರು ಬರೀ ಶಿಕ್ಷೆ ಕೊಡೋ ದೇವರಾ ಅಂತ ಕೇಳಿದೀರ. ಅಲ್ಲ, ಆದ್ರೆ ಶಿಕ್ಷೆ ಮಾತು ಯಾಕೆ ಬಂತು ಅಂತ ಮೊದ್ಲು ನೋಡ್ಬೇಕು. ಆಮೋಸ ಅನ್ನೋ ಪ್ರವಾದಿ ತೆಕೋವ ಅನ್ನೋ ಊರಿನ ಕುರಿ ಕಾಯೋನು, ಕ್ರಿ.ಪೂ. 8ನೇ ಶತಮಾನದಲ್ಲಿ ಉತ್ತರದ ಇಸ್ರೇಲ್‌ಗೆ ಹೋಗಿ ಬೈದಿದ್ದು ಏನಕ್ಕೆ ಗೊತ್ತಾ, ಒಂದು ಜೊತೆ ಚಪ್ಪಲಿ ಬೆಲೆಗೆ ಬಡವರನ್ನ ಮಾರ್ತಿದೀರ, ತಕ್ಕಡೀಲಿ ಮೋಸ ಮಾಡ್ತಿದೀರ ಅಂತ. ಅಲ್ಲಿ ಹಬ್ಬ, ಬಲಿಗೇನೂ ಕಮ್ಮಿ ಇರ್ಲಿಲ್ಲ ಮತ್ತೆ.

ಕರುಣೆ ನೋಡ್ಬೇಕಂದ್ರೆ ಇನ್ನೊಬ್ಬ ಪ್ರವಾದಿ ಯೋನನ ಕಥೆ ಓದಿ. ಎಲ್ರಿಗೂ ಅವನನ್ನ ದೊಡ್ಡ ಮೀನು ನುಂಗಿದ್ದು ಅಷ್ಟೇ ನೆನಪು, ನನಗೆ ಇಷ್ಟ ಆಗೋದು ಕೊನೇ ಅಧ್ಯಾಯ. 40 ದಿನದಲ್ಲಿ ನಿನೆವೆ ಪಟ್ಟಣ ನಾಶ ಅಂತ ಯೋನ ಸಾರಿದ, ರಾಜನಿಂದ ಹಿಡಿದು ದನಕರು ತನಕ ಎಲ್ಲಾ ಗೋಣಿತಟ್ಟು ಸುತ್ಕೊಂಡು ಉಪವಾಸ ಇದ್ರು, ದೇವರು ಮನಸ್ಸು ಬದಲಾಯಿಸಿ ಬಿಟ್ಬಿಟ್ಟ. ಯೋನನಿಗೆ ಮೈಯೆಲ್ಲಾ ಉರೀತು, ಯಾಕಂದ್ರೆ ಅದು ಶತ್ರುಗಳಾದ ಅಶ್ಶೂರ್ಯರ ಊರು. ಊರಾಚೆ ಹೋಗಿ ಕೂತ, ನೆರಳಿಗೆ ಒಂದು ಗಿಡ ಬೆಳೀತು, ಮಾರನೇ ದಿನ ಹುಳ ಬಿದ್ದು ಒಣಗೋಯ್ತು, ಅಷ್ಟಕ್ಕೇ ಸತ್ರೆ ಸಾಕಪ್ಪಾ ಅಂದ. ಆಗ ದೇವರು ಕೇಳ್ತಾನೆ, ನೀನು ಬೆಳೆಸದೇ ಇರೋ ಗಿಡಕ್ಕೇ ಇಷ್ಟು ಮರುಗ್ತೀಯ, ಎಡಗೈ ಬಲಗೈ ಗೊತ್ತಿಲ್ಲದ 1,20,000ಕ್ಕೂ ಹೆಚ್ಚು ಜನ, ಜೊತೆಗೆ ಅಷ್ಟೊಂದು ದನ ಇರೋ ಊರಿಗೆ ನಾನು ಮರುಗಬಾರ್ದಾ? (ಆ ದನಗಳ ಲೆಕ್ಕಾನೂ ಇಟ್ಟಿದಾನೆ ನೋಡಿ.) ಪುಸ್ತಕ ಅಲ್ಲಿಗೇ ನಿಲ್ಲತ್ತೆ, ಯೋನ ಏನಂದ ಅಂತ ಬರ್ದೇ ಇಲ್ಲ. ಯೆಹೂದ್ಯರು ಪಾಪಕ್ಕೆ ಕ್ಷಮೆ ಕೇಳಿ ಉಪವಾಸ ಮಾಡೋ ಯೋಮ್ ಕಿಪ್ಪುರ್ ದಿನ ಮಧ್ಯಾಹ್ನದ ಪ್ರಾರ್ಥನೇಲಿ ಓದೋದು ಇದನ್ನೇ.